ರಂಗಂಪೇಟೆಯಲ್ಲಿ ತಿರುಚಿದ ಏಣಿ

ಲಾಲಪ್ಪ ತನ್ನ ಜೀವಮಾನದಲ್ಲಿ ಸರಿಸಂಖ್ಯೆಯ ಮೆಟ್ಟಿಲಿರುವ ಒಂದೇ ಒಂದು ಏಣಿಯನ್ನೂ ಮಾಡಿದವನಲ್ಲ. ರಂಗಂಪೇಟೆಯ ಅವನ ವೆಲ್ಡಿಂಗ್ ಅಂಗಡಿಗೆ ಬಂದು ಹನ್ನೆರಡು ಮೆಟ್ಟಿಲು ಕೇಳಿದವರು ಹದಿಮೂರು ಹೊತ್ತುಕೊಂಡು ಹೋಗಿದ್ದರು. ಹತ್ತು ಕೇಳಿದವರಿಗೆ ಅವನ ಲಹರಿ ಇದ್ದಂತೆ ಒಂಬತ್ತೋ ಹನ್ನೊಂದೋ ಸಿಕ್ಕಿತ್ತು. ಹೀಗಾಗಿ ಶಹಾಪುರದ ಕಾಲೇಜಿನಿಂದ ಉಮಾ ಮೇಡಂ ಬಂದು, ಎಣ್ಣೆ ಹಿಡಿದ ಮೇಜಿನ ಮೇಲೆ ಚಿತ್ರ ಹರಡಿ, ಎರಡು ಸುತ್ತಿನ ಏಣಿ, ಸುತ್ತಿಗೆ ಹತ್ತರಂತೆ ಇಪ್ಪತ್ತು ಮೆಟ್ಟಿಲು ಎಂದಾಗ, ಪಕ್ಕದಲ್ಲಿ ಗ್ರೈಂಡರ್ ಹಿಡಿದು ನಿಂತಿದ್ದ ಅವನ ಮಗಳು ದುರ್ಗಾಳಿಗೆ ಮುಂದೇನಾಗುತ್ತದೆಂದು ಗೊತ್ತಿತ್ತು.

"ಇಪ್ಪತ್ತು ಆಗಂಗಿಲ್ರಿ ಮೇಡಂ," ಎಂದ ಲಾಲಪ್ಪ. "ಇಪ್ಪತ್ತೊಂದು ಮಾಡಿ ಕೊಡ್ತೀನಿ."

"ಯಜಮಾನ್ರೇ, ಇದು ಗೋಡಿಗಿ ಹಚ್ಚೋ ಏಣಿ ಅಲ್ರಿ. ಡಿಎನ್ಎ. ಇದರ ಮ್ಯಾಲ ಯಾರೂ ಹತ್ತಂಗಿಲ್ಲ."

"ಏನರೇ ಇರ್ಲಿ. ಮೆಟ್ಲ ಅವ ಅಂದಮ್ಯಾಲ ಏಣಿನಾ. ಏಣಿ ಅಂದಮ್ಯಾಲ ಬೆಸ."

ಉಮಾ ಮೇಡಂ ಕಲಬುರಗಿಯವರು, ನಗತೊಡಗಿದರೆ ಭುಜ ಕುಣಿಯುವ ಹೆಂಗಸು. ಕಾಲೇಜಿನ ಹೊಸ ವಿಜ್ಞಾನ ಕಟ್ಟಡದ ಅಂಗಳದಲ್ಲಿ, ಹುಡುಗರು ಮುಟ್ಟಿ ನೋಡುವಂಥ ಹನ್ನೆರಡಡಿ ಎತ್ತರದ ಕಬ್ಬಿಣದ ಡಿಎನ್ಎ ನಿಲ್ಲಿಸಬೇಕೆಂಬುದು ಅವರ ಹಟ. ಮನುಷ್ಯನಿರಲಿ, ಬೋನಾಳ ಕೆರೆಯ ಕೊಕ್ಕರೆಯಿರಲಿ, ಹೊಲದ ಜೋಳವಿರಲಿ, ಮೈಯ ಕಣಕಣದಲ್ಲೂ ಇಂಥ ತಿರುಚಿದ ಏಣಿಗಳಿವೆ. ಯಾರ ಮೂಗು ಹೇಗಿರಬೇಕು, ಯಾವ ಕೊಕ್ಕು ಎಷ್ಟುದ್ದ ಬೆಳೆಯಬೇಕು ಎಂಬುದೆಲ್ಲ ಆ ಮೆಟ್ಟಿಲುಗಳ ಸಾಲಿನಲ್ಲೇ ಬರೆದಿದೆ. ಅಜ್ಜ ಅಜ್ಜಿಯಿಂದ ಅಪ್ಪ ಅವ್ವನಿಗೆ, ಅಲ್ಲಿಂದ ಮಕ್ಕಳಿಗೆ ಬರುವುದು ಅದೇ ಬರಹ ಎಂದು ಅವರು ವಿವರಿಸಿದರು. ಒಂದೊಂದು ಮೆಟ್ಟಿಲೂ ಎರಡು ತುಂಡುಗಳ ಜೋಡಿ. ತುಂಡುಗಳು ನಾಲ್ಕೇ ನಮೂನೆ: ಎ, ಟಿ, ಜಿ, ಸಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಬೇರೆ ಜೋಡಿ ನಡೆಯುವುದಿಲ್ಲ.

"ಲಗ್ನಕ್ಕ ಕುಲ, ಬೆಡಗು ನೋಡಿದಂಗಾತಲ್ರಿ ಇದು," ಎಂದ ಲಾಲಪ್ಪ. "ಯಾಕ ನಡಿಯಂಗಿಲ್ಲ?"

"ಎ ಮತ್ತ ಜಿ ಉದ್ದನವು, ಟಿ ಮತ್ತ ಸಿ ಗಿಡ್ಡನವು. ಉದ್ದಕ್ಕ ಉದ್ದ ಜೋಡಿ ಮಾಡಿದ್ರ ಏಣಿ ಹೊಟ್ಟಿ ಬಿಡ್ತದ. ಗಿಡ್ಡಕ್ಕ ಗಿಡ್ಡ ಹಾಕಿದ್ರ ನಡುವ ಮುಟ್ಟಂಗೇ ಇಲ್ಲ. ಮತ್ತ ಎ-ಟಿ ನಡುವ ಎರಡು ಕೊಂಡಿ, ಜಿ-ಸಿ ನಡುವ ಮೂರು. ಕೊಂಡಿ ಕೂಡದಿದ್ರ ಜೋಡಿ ಕೂಡಂಗಿಲ್ಲ."

ಲಾಲಪ್ಪನ ಮುಖ ಅರಳಿತು. ಮೂವತ್ತು ವರ್ಷ ಕಿಟಕಿಯ ಗ್ರಿಲ್ಲು ಕೂಡಿಸಿದವನಿಗೆ ಇದಕ್ಕಿಂತ ಸರಳವಾದ ಮಾತು ಇನ್ನೊಂದಿರಲಿಲ್ಲ. "ಚೌಕಟ್ಟಿನ ಅಗಲ ಎಲ್ಲಾ ಕಡಿ ಒಂದೇ ಇರಬೇಕಂದ್ರ ಉದ್ದಕ್ಕ ಗಿಡ್ಡನ್ನೇ ಹಾಕಬೇಕು. ಇದನ್ನ ತಿಳಕೊಳ್ಳಾಕ ಕಾಲೇಜ್ ಬೇಕೇನ್ರಿ?"

"ದೊಡ್ಡ ದೊಡ್ಡವರು ಭಾಳ ದಿನ ತಲಿ ಕೆಡಿಸ್ಕೊಂಡಿದ್ರು ಇದಕ್ಕ," ಎಂದರು ಉಮಾ ಮೇಡಂ.

"ನಮ್ಮನ್ನ ಕೇಳಬೇಕಾಗಿತ್ತು."

ಮರುದಿನ ಬೆಳಿಗ್ಗೆ ಉಮಾ ಮೇಡಂ ದುರ್ಗಾಳಿಗೆ ಫೋನು ಮಾಡಿದರು. ಪಾಠದ ಪುಸ್ತಕದಲ್ಲಿ ಸುತ್ತಿಗೆ ಹತ್ತು ಮೆಟ್ಟಿಲು ಅಂತಿದೆ. ಆದರೆ ನೀರಿನಲ್ಲಿರುವ ಡಿಎನ್ಎಯನ್ನು ಅಳೆದವರ ಪ್ರಕಾರ ಸುತ್ತಿಗೆ ಸುಮಾರು ಹತ್ತೂವರೆ. ಅಂದರೆ ಎರಡು ಸುತ್ತಿಗೆ ಇಪ್ಪತ್ತೊಂದು. "ನಿಮ್ಮಪ್ಪಗ ಹೇಳಬ್ಯಾಡ ಅನ್ನೋಣು ಅಂದ್ರ, ನನಗ ತಡಿಯಾಕ ಆಗವಲ್ದು," ಎಂದು ಅವರು ನಕ್ಕರು.

ಅವರು ಹೇಳದಿದ್ದರೇ ಒಳ್ಳೆಯದಿತ್ತು. ಸುದ್ದಿ ಕೇಳಿದ ಲಾಲಪ್ಪ ವಾರವಿಡೀ ಎತ್ತಿದ ಕೊರಳು ಇಳಿಸಲಿಲ್ಲ. ಪಕ್ಕದ ಕನ್ನಡಿ ಅಂಗಡಿಯ ಯಾಕೂಬಸಾಬನಿಗೆ, ಚಹಾ ತರುವವನಿಗೆ, ಶಟರ್ ರಿಪೇರಿಗೆ ಬಂದ ಅಪರಿಚಿತರಿಗೆ, ತನ್ನ ಲೆಕ್ಕ ದೇವರ ಲೆಕ್ಕಕ್ಕೆ ಹೇಗೆ ಬರೋಬ್ಬರಿ ಕೂತಿತೆಂದು ಹೇಳಿದ್ದೇ ಹೇಳಿದ್ದು.

ಈ ಏಣಿಯ ಮೇಲೆ ದುರ್ಗಾಳ ಬದುಕೇ ನಿಂತಿತ್ತು. ಲಾಲಪ್ಪನ ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಗಿ ವರ್ಷವಾಗಿತ್ತು. ವೆಲ್ಡಿಂಗ್ ಬೆಳಕಿನ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅಂಗಡಿಯಲ್ಲಿ ಕಿಡಿ ಹಾರಿಸುವವಳು ಐಟಿಐ ಮುಗಿಸಿದ್ದ ಇಪ್ಪತ್ತೈದರ ದುರ್ಗಾಳೇ. ಆದರೂ ಗಿರಾಕಿಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ "ಲಾಲಪ್ಪ ಇಲ್ಲೇನು?" ಎಂದೇ ಕೇಳುತ್ತಿದ್ದರು. ಇನ್ನೊಂದು ಕಡೆ ದೊಡ್ಡಪ್ಪನ ಮಗ ದೇವಿಂದ್ರ. ಯಾದಗಿರಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಕೂಡಿಸುವವನು, ತಿಂಗಳಿಗೆರಡು ಸಲ ಬೈಕು ಏರಿ ಬಂದು, "ಕಾಕಾ, ಕಬ್ಬಿಣದ ಕಾಲ ಮುಗೀತು. ಅಂಗಡಿ ನನಗ ಬಿಡು. ದುರ್ಗಿ ಯಾದಗಿರ್ಯಾಗ ನಮ್ಮ ಆಫೀಸಿನ್ಯಾಗ ಫ್ಯಾನ್ ಕೆಳಗ ಕುಂತು ಫೋನ್ ಎತ್ಲಿ," ಎನ್ನುತ್ತಿದ್ದ.

ಉಮಾ ಮೇಡಂ ಬಂದುಹೋದ ದಿನ ಊಟಕ್ಕೆ ಕೂತಾಗ ಲಾಲಪ್ಪ ರೊಟ್ಟಿ ಮುರಿಯುತ್ತ ತೀರ್ಪು ಕೊಟ್ಟಿದ್ದ.

"ಈ ಏಣಿ ನೀ ಮಾಡು ದುರ್ಗಿ. ಕಾಲೇಜಿನವರು ಒಪ್ಪಿ ಒಯ್ದ್ರ ಅಂಗಡಿ ನಿಂದು. ತಪ್ಪೈತಿ ಅಂತ ಬಿಟ್ಟು ಹೋದ್ರ ದೇವಿಂದ್ರಂದು. ಮುಗೀತು."

"ಹಡದ ಮಗಳ ಜೋಡಿ ಪಣ ಕಟ್ತಾನ ನೋಡು ಮುದುಕ," ಎಂದಳು ಅವ್ವ ಯಂಕಮ್ಮ, ಅವನ ತಾಟಿಗೆ ಪುಂಡಿಪಲ್ಯ ಬಡಿಸುತ್ತ. "ಕಣ್ಣು ಕಾಣವಲ್ದಿದ್ರೂ ಜೋರಿಗೇನು ಕಮ್ಮಿಲ್ಲ."

ದುರ್ಗಾ ರೊಟ್ಟಿ ಮುಗಿಸಿ ಎದ್ದಳು. ಅವಳಿಗೆ ಫ್ಯಾನು ಬೇಕಿರಲಿಲ್ಲ. ಕರಗಿದ ಕಬ್ಬಿಣ ಎರಡು ಸರಳುಗಳ ನಡುವೆ ಜೇನಿನ ಹಾಗೆ ಹರಿದು, ಕಣ್ಣೆದುರೇ ಕಪ್ಪಾಗಿ, ಎರಡು ಒಂದಾಗುವ ಆ ಅರೆಗಳಿಗೆಯ ಹುಚ್ಚು ಅವಳಿಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹತ್ತು ದಿನ ಅವಳು ಮಾಡಿದ ಕೆಲಸ ಹೀಗಿತ್ತು. ಉದ್ದನೆಯ ತುಂಡು ಹನ್ನೊಂದು ಇಂಚು, ಗಿಡ್ಡದ್ದು ಏಳು. ಯಾವ ಜೋಡಿ ಮಾಡಿದರೂ ಒಂದೂವರೆ ಅಡಿ. ನಡುವೆ ಎರಡೋ ಮೂರೋ ಕಬ್ಬಿಣದ ಬಳೆಗಳ ಕೊಂಡಿ. ನಾಲ್ಕು ನಮೂನೆಗೆ ನಾಲ್ಕು ಬಣ್ಣ. ಅಕ್ಕಪಕ್ಕದ ಉದ್ದ ಸರಳುಗಳ ಮೇಲೆ ಬಾಣದ ಗುರುತು, ಒಂದರದು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಡಿಎನ್ಎಯ ಎರಡು ಎಳೆಗಳು ಎದುರುಬದುರು ದಿಕ್ಕಿಗೆ ಓಡುತ್ತವೆಂದು ಉಮಾ ಮೇಡಂ ಒತ್ತಿ ಹೇಳಿದ್ದರು. ಹದಿನೈದು ಅಡಿ ಉದ್ದದ ಚಪ್ಪಟೆ ಏಣಿ ತಯಾರಾಯಿತು. ಇನ್ನು ಅದನ್ನು ತಿರುಚಬೇಕು. ತಿರುಚಿದಷ್ಟೂ ಅದು ಗಿಡ್ಡವಾಗುತ್ತದೆ, ಎರಡು ಸುತ್ತಿಗೆ ಹನ್ನೆರಡಡಿಗೆ ಬರುತ್ತದೆ ಎಂದು ಲಾಲಪ್ಪ ನೆಲದ ಮೇಲೆ ಸುಣ್ಣದ ಗೆರೆ ಹಾಕಿ ಲೆಕ್ಕ ಹೇಳಿದ್ದ. ಅದೂ ಬರೋಬ್ಬರಿ ಬಂತು.

ಏಣಿಯ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು, ಇನ್ನೊಂದಕ್ಕೆ ಉದ್ದನೆಯ ಪೈಪು ಸಿಗಿಸಿ, ದುರ್ಗಾ ಗ್ಯಾಸ್ ಬತ್ತಿಯ ನೀಲಿ ಉರಿಯಿಂದ ಸರಳುಗಳನ್ನು ಕೆಂಪಗೆ ಕಾಯಿಸುತ್ತಿದ್ದಂತೆ ನಾಲ್ಕು ಜನ ಪೈಪಿಗೆ ಕೈಹಚ್ಚಿದರು.

"ಯಾವ ಕಡಿ ತಿರುವೋಣು?" ಎಂದ ಯಾಕೂಬಸಾಬ.

ದುರ್ಗಾ ಚಿತ್ರದ ಕಡೆ ನೋಡಿದಳು. ಚಿತ್ರದಲ್ಲಿ ಏಣಿ ನಿಂತಿತ್ತು, ಇಲ್ಲಿ ಮಲಗಿತ್ತು. ತಲೆಯಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಅಪ್ಪನ ದನಿ ಬಂತು: "ಯಾವ ಕಡಿ ಅಂದ್ರ? ಬಲಕ್ಕ! ಪ್ರದಕ್ಷಿಣಿ ಹಾಕಿದಂಗ. ಜಲ್ದಿ, ಕಬ್ಬಿಣ ಆರತೈತಿ!" ಇಪ್ಪತ್ತೊಂದರ ವಿಷಯದಲ್ಲಿ ಗೆದ್ದವನ ದನಿ ಅದು. ಕೆಂಪು ಕಬ್ಬಿಣ ಯಾರಿಗೂ ಕಾಯುವುದಿಲ್ಲ. ಬಲಕ್ಕೆ ತಿರುವಿದರು.

ಶುಕ್ರವಾರ ಮಧ್ಯಾಹ್ನ ಉಮಾ ಮೇಡಂ ನೋಡಲು ಬಂದರು. ಸೋಮವಾರ ಕಟ್ಟಡದ ಉದ್ಘಾಟನೆ. ಭಾನುವಾರ ಏಣಿ ಅಲ್ಲಿರಬೇಕು. ಅಂಗಡಿಯ ಮುಂದೆ ಸರಪಳಿ ರಾಟೆಗೆ ನೇತುಹಾಕಿದ ಏಣಿ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಅವರು ಕೈ ಜೋಡಿಸಿ ನಿಂತುಬಿಟ್ಟರು. ಜೋಡಿಗಳನ್ನು ಒಂದೊಂದಾಗಿ ಓದಿದರು, ಬಳೆಗಳನ್ನು ಎಣಿಸಿದರು. "ದುರ್ಗಾ, ಏನ್ ಕೈ ಅದವ್ವಾ ನಿಂದು!" ಎಂದು ಅವಳ ಭುಜ ಅಲುಗಿಸಿದರು. ಆಮೇಲೆ ಏಣಿಯ ಸುತ್ತ ಒಂದು ಸುತ್ತು ಬಂದರು. ನಗು ನಿಂತಿತು. ಬಲಗೈ ಹೆಬ್ಬಟ್ಟನ್ನು ಮೇಲಕ್ಕೆತ್ತಿ, ಉಳಿದ ಬೆರಳು ಮಡಿಚಿ, ಏಣಿಯ ಪಕ್ಕ ಹಿಡಿದರು. ನಂತರ ಎಡಗೈ.

"ಏನಾತ್ರಿ?" ಎಂದಳು ದುರ್ಗಾ.

"ಹೆಬ್ಬಟ್ಟು ಮ್ಯಾಲ ಮಾಡಿದ್ರ ಸರಳು ಬಲಗೈ ಬೆರಳು ತಿರುಗಿದಂಗ ಮ್ಯಾಲ ಹೋಗಬೇಕು. ಇದು ಎಡಗೈ ಬೆರಳಿನಂಗ ಹೊಂಟದ." ಅವರು ಮೆಲ್ಲಗೆ ಹೇಳಿದರು. "ಉಲ್ಟಾ ತಿರುಚೀರಿ."

ಪೈಪು ಹಿಡಿದವರು ಬಲಕ್ಕೆ ತಿರುವಿದ್ದರಿಂದಲೇ ಏಣಿಯ ಸುತ್ತು ಎಡಗೈಯದಾಗಿತ್ತು. ದುರ್ಗಾ ಚಿತ್ರವನ್ನು ಮತ್ತೆ ತೆಗೆದು ನೋಡಿದಳು. ತಿರುವುವ ದಿನವೂ ಅದು ಅವಳ ಕಣ್ಣೆದುರೇ ಇತ್ತು. ಒಂದು ನಿಮಿಷ ನಿಲ್ಲಿರಿ ಎನ್ನಲಿಲ್ಲ, ಅಷ್ಟೇ.

"ಅದಕ್ಯಾಕಿಷ್ಟು ಚಿಂತಿ?" ಎಂದ ಲಾಲಪ್ಪ, ನಿರಾಳವಾಗಿ. "ಉಲ್ಟಾ ಆಗಿದ್ರ ಉಲ್ಟಾ ಮಾಡಿ ನಿಂದ್ರಸಿದ್ರ ಸುಲ್ಟಾ ಆತು. ಏ ಯಾಕೂಬಣ್ಣ, ಬಾ ಇಲ್ಲಿ. ತಲಿಕೆಳಗ ಮಾಡೋಣು."

ದಾರಿಹೋಕರೂ ಸೇರಿ ಆರು ಜನ ಏಣಿಯನ್ನು ಇಳಿಸಿ, ಮಗುಚಿ, ಮತ್ತೆ ಏರಿಸಿದರು. ಉಮಾ ಮೇಡಂ ಹೆಬ್ಬಟ್ಟು ಎತ್ತಿದರು. ಏಣಿ ಇನ್ನೂ ಎಡಗೈಯದೇ. ಲಾಲಪ್ಪ ನಂಬಲಿಲ್ಲ. ಸರಿಯಾಗಿ ಮಗುಚಿಲ್ಲವೆಂದು ಇನ್ನೊಮ್ಮೆ ಮಗುಚಿಸಿದ. ಬಾಣಗಳು ಸಹಾಯಕ್ಕೆ ಬರಲಿಲ್ಲ. ಹೇಗೆ ನಿಲ್ಲಿಸಿದರೂ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಮೂರನೆಯ ಸಲ ಎತ್ತಿದಾಗ ಯಾವ ತುದಿ ಮೊದಲು ಮೇಲಿತ್ತೆಂಬುದೇ ಯಾರಿಗೂ ನೆನಪಿರಲಿಲ್ಲ. ನೋಡಲು ನಿಂತವರಲ್ಲಿ ಎರಡು ಪಕ್ಷಗಳಾದವು.

"ತಡೀರಿ, ನನ್ನ ಹತ್ರ ಇಲಾಜ ಐತಿ," ಎಂದು ಯಾಕೂಬಸಾಬ ಅಂಗಡಿಗೆ ಓಡಿ ಆಳೆತ್ತರದ ಕನ್ನಡಿ ಹೊತ್ತು ತಂದು ಏಣಿಯ ಪಕ್ಕ ಹಿಡಿದ. "ಈಗ ನೋಡ್ರಿ ಮೇಡಂ. ಒಳಗಿರೋದು ಹೆಂಗೈತಿ?"

ಉಮಾ ಮೇಡಂ ಕನ್ನಡಿಯೊಳಗಿನ ಏಣಿ ನೋಡಿದರು. "ಬರೋಬ್ಬರಿ ಅದ!"

"ಮತ್ತೇನು? ಕನ್ನಡಿನೂ ಒಯ್ದು ಬಾಜೂಕ ಇಡ್ರಿ. ಹುಡುಗರಿಗಿ ಅದರಾಗೇ ನೋಡ್ರಿ ಅಂತ ಹೇಳ್ರಿ."

ಉಮಾ ಮೇಡಂ ಭುಜ ಕುಣಿಯುವಷ್ಟು ನಕ್ಕರು. ನಗು ಮುಗಿದ ಮೇಲೆ ದುರ್ಗಾಳನ್ನೂ ಲಾಲಪ್ಪನನ್ನೂ ಪಕ್ಕಕ್ಕೆ ಕರೆದರು. "ಎಡಕ್ಕ ತಿರುಗೋ ಡಿಎನ್ಎನೂ ಒಂದದ, ಇಲ್ಲಂತಿಲ್ಲ. ಆದ್ರ ಅಪರೂಪ, ಅದರ ಆಕಾರನೂ ಬ್ಯಾರೆ. ಖರೇ ಹೇಳ್ಬೇಕಂದ್ರ ಜಾಹೀರಾತಿನ್ಯಾಗ, ಪೋಸ್ಟರಿನ್ಯಾಗ ಎಷ್ಟೋ ಕಡಿ ಇದನ್ನ ಉಲ್ಟಾನೇ ಬರದಿರ್ತಾರ. ಯಾರೂ ನೋಡಂಗಿಲ್ಲ. ಸೋಮವಾರ ಬರೋ ದೊಡ್ಡ ಮಂದಿಗಂತೂ ಗೊತ್ತೇ ಆಗಂಗಿಲ್ಲ. ಎರಡು ದಿನದಾಗ ಬಿಚ್ಚಿ ಮಾಡೋದು ನಿಮಗ ತ್ರಾಸ ಆಗ್ತದ. ಹಂಗೇ ಒಯ್ಯೋಣಂದ್ರ ಒಯ್ಯೋಣು. ನೀವೇ ಹೇಳ್ರಿ."

"ಮುಗೀತಲ್ಲ!" ಲಾಲಪ್ಪ ಅಂಗೈ ತಟ್ಟಿದ. "ಒಯ್ರಿ. ಒಪ್ಪಿದ್ರಂದಂಗಾತು. ದುರ್ಗಿ, ಹೂಂ ಅನ್ನು."

ಹೂಂ ಅಂದರೆ ಅಂಗಡಿ ಅವಳದು. ಅಷ್ಟು ಸಣ್ಣ ಶಬ್ದ. ಅದು ಅವಳ ನಾಲಗೆಯ ತುದಿಗೂ ಬಂತು. ಆದರೆ ಉಮಾ ಮೇಡಂ ಹೆಬ್ಬಟ್ಟು ಎತ್ತಿದ ಗಳಿಗೆಯಿಂದ ದುರ್ಗಾಳಿಗೆ ಏಣಿಯಲ್ಲಿ ಆ ತಿರುವು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೊಟ್ಟಗೆ ಕೂಡಿಸಿದ ಬಾಗಿಲನ್ನು ದಿನಾ ದಾಟಬೇಕಾದವರ ಸಂಕಟ ಅದು. ಇನ್ನು ಮುಂದೆ ಬರುವ ಹುಡುಗರೆಲ್ಲ ಅದನ್ನೇ ಸರಿ ಎಂದುಕೊಂಡು ಕಲಿಯುತ್ತಾರೆ.

"ಭಾನುವಾರ ಬರ್ರಿ ಮೇಡಂ," ಎಂದಳು. "ಸರಿ ಮಾಡಿಡ್ತೀನಿ."

ಲಾಲಪ್ಪ ಮಗಳ ಮುಖ ನೋಡಿದ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ.

ಕೋಪ ಬಂದಾಗಲೆಲ್ಲ ಲಾಲಪ್ಪ ಹೋಗುವುದು ಯಾಕೂಬಸಾಬನ ಅಂಗಡಿಯ ಮಾಳಿಗೆಗೆ. ಅಲ್ಲಿಗೇರುವ ಸುತ್ತುಮೆಟ್ಟಿಲು ಅವನೇ ಇಪ್ಪತ್ತು ವರ್ಷದ ಹಿಂದೆ ಮಾಡಿದ್ದು: ನಡುವೆ ಒಂದು ಕಬ್ಬಿಣದ ಕಂಬ, ಸುತ್ತ ಹದಿನೇಳು ಹಲಗೆ. ಸಂಜೆ ಆರರ ಹೊತ್ತಿಗೆ ದುರ್ಗಾ ಅದನ್ನು ಏರಿ ಹೋದಾಗ ಅವನು ಸುರಪುರದ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದ. ಬಂಡೆಗಳ ಮೇಲೆ ಬಿಸಿಲು ಇನ್ನೂ ಇತ್ತು.

"ಯಾಕ ಬಂದಿ?"

"ಚಾ ಆರಾಕತ್ತೈತಿ ಅಂತ ಅವ್ವ ಕರ್ಯಾಕತ್ತಾಳ."

"ಆರ್ಲಿ. ನಾ ಹೇಳಿದ ಮಾತು ನೆನಪೈತೇನು ನಿನಗ? ತಪ್ಪೈತಿ ಅಂತಾದ್ರ ಅಂಗಡಿ ದೇವಿಂದ್ರಂದು."

"ನೆನಪೈತಿ."

"ಆದ್ರೂ ಬಿಚ್ಚತೀನಿ ಅಂತಿ."

"ಹೂಂ."

"ಬಿಚ್ಚು. ಆದ್ರ ನನ್ನ ಅಂಗಳದಾಗ ಎಡಕ್ಕ ತಿರುವಾಕ ನಾ ಬಿಡಂಗಿಲ್ಲ. ಅದು ಹೆಣದ ಮುಂದ ತಿರುಗೋ ಸುತ್ತು. ಗೊತ್ತೈತಿಲ್ಲ?"

ದುರ್ಗಾ ಸುತ್ತುಮೆಟ್ಟಿಲಿನ ಕಂಬದ ಮೇಲೆ ಕೈಯಿಟ್ಟಳು. ಅದನ್ನು ಹತ್ತಿ ಬರುವಾಗ ಏನೋ ಹೊಳೆದಿತ್ತು; ಅದು ಸರಿಯೋ ತಪ್ಪೋ ಎಂದು ಕೊನೆಯ ಮೂರು ಹಲಗೆಗಳನ್ನು ಎರಡು ಸಲ ಇಳಿದು ಹತ್ತಿ ನೋಡಿಯೇ ಬಂದಿದ್ದಳು.

"ಅಪ್ಪಾ, ಇದನ್ನ ಹತ್ತೋವಾಗ ಕಂಬ ಯಾವ ಕೈಗಿ ಬರ್ತೈತಿ?"

"ಬಲಗೈಗಿ. ಗುಡಿ ಸುತ್ತೋವಾಗ ದೇವ್ರು ಯಾವ ಕಡಿ ಇರ್ತಾನ? ಬಲಕ್ಕ. ಅದಕ್ಕ ಹಂಗ ಮಾಡೀನಿ. ಮೂವತ್ತು ವರ್ಷದಾಗ ಒಂದರೇ ಬ್ಯಾರೆ ಮಾಡೀನೇನು?"

"ಇಲ್ಲ. ಈಗ ಇಳಿ."

"ಆಂ?"

"ಇಳಿ ಅಂದೆ. ಕಂಬ ಹಿಡ್ಕೊಂಡು ಇಳಿ."

ಕುತೂಹಲಕ್ಕೋ ಸಿಟ್ಟಿಗೋ ಅವನು ಎದ್ದು ಇಳಿಯತೊಡಗಿದ. ಮೂರು ಹಲಗೆ ಇಳಿದು ನಿಂತ. ಕಂಬ ಅವನ ಎಡಗೈಯಲ್ಲಿತ್ತು. ಅದನ್ನು ತಾನೇ ಮಾಡಿದವನಲ್ಲವೇನೋ ಎಂಬಂತೆ ಆ ಕೈಯನ್ನು ನೋಡಿದ.

"ಇಳಿಯೋವಾಗ ಯಾರು ನೋಡ್ತಾರ? ಹತ್ತೋದು ಮುಖ್ಯ," ಎಂದ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಮಾಳಿಗಿಗಾದ್ರ ಹೌದು. ಆದ್ರ ಮೇಡಂ ಅವರ ಏಣಿ ಹತ್ತೋದಲ್ಲ, ಬರೇ ಇಳಿಯೋದು. ಅಜ್ಜಂದು ನಿನಗ ಬಂತು, ನಿಂದು ನನಗ ಬಂತು. ನಂದು ನಿನಗ ಹತ್ತಿ ಬರ್ತೈತೇನು? ಮ್ಯಾಲಿಂದ ಕೆಳಗಷ್ಟೇ. ಮೇಡಂ ಹೇಳಿದಂಗ ತಿರುವಿದ್ರ ಇಳಿಯೋವಾಗ ದೇವ್ರು ಬಲಕ್ಕ ಇರ್ತಾನ. ನಿನ್ನ ಲೆಕ್ಕಕ್ಕ ಬರೋಬ್ಬರಿ."

ಲಾಲಪ್ಪ ಮತ್ತೆ ಮಾಳಿಗೆಗೆ ಹತ್ತಿ, ಕಣ್ಣು ಮುಚ್ಚಿ, ಬಲಗೈಯನ್ನು ಗಾಳಿಯಲ್ಲಿ ಎತ್ತಿ, ಕಾಣದ ಕಂಬವೊಂದನ್ನು ಹಿಡಿದು, ಬಲಭುಜ ತಗ್ಗಿಸಿ ತಗ್ಗಿಸಿ ಇಳಿಯುವವನ ಹಾಗೆ ತಿರುಗಿದ. ಇನ್ನೊಮ್ಮೆ ತಿರುಗಿದ. ಕೆಳಗೆ ನಿಂತು ನೋಡುತ್ತಿದ್ದ ಯಂಕಮ್ಮನಿಗೆ ಗಾಬರಿಯಾಯಿತು.

"ಏ ದುರ್ಗಿ, ನಿಮ್ಮಪ್ಪಗೇನಾತು? ತಲಿ ತಿರುಗಾಕತ್ತೈತೇನು?"

"ಇಲ್ಲ ಬೇ, ನಮ್ಮಪ್ಪನ ಹಟ ನನಗ ಹೆಂಗ ಇಳದು ಬಂತು ಅಂತ ನೋಡಾಕತ್ತಾನ!"

"ಅದೇನು ನೋಡೋದು! ಅವರವ್ವಂದು ಅವಗ ಬಂತು, ಅವಂದು ನಿನಗ ಬಂತು. ನಡುವ ಸಿಕ್ಕೊಂಡಾಕಿ ನಾನು. ಇಳೀರಿ ಇಬ್ರೂ, ಎರಡನೇ ಸಲ ಚಾ ಕಾಸಂಗಿಲ್ಲ."

ಲಾಲಪ್ಪ ಇಳಿದ. ಕೆಳಗಿನ ಹಲಗೆಯ ಮೇಲೆ ನಿಂತು, ಹಿಂದಿರುಗಿ ನೋಡದೆ, "ಮುಂಜಾನಿ ಎಂಟಕ್ಕ ಗ್ಯಾಸ್ ಬತ್ತಿ ತಯಾರಿಡು," ಎಂದ. ಅಂಗಡಿಯ ಮಾತು ಎತ್ತಲಿಲ್ಲ. ದುರ್ಗಾಳೂ ಎತ್ತಲಿಲ್ಲ.

ಶನಿವಾರ ಎಂಟಕ್ಕೆ ಏಣಿಯನ್ನು ಮತ್ತೆ ಬೇವಿನ ಮರಕ್ಕೆ ಬಿಗಿದರು. ಒಂಬತ್ತಕ್ಕೆ ದೇವಿಂದ್ರ ಬೈಕಿನಲ್ಲಿ ಬಂದಿಳಿದ, ಸೊಂಟಕ್ಕೆ ಅಳತೆ ಟೇಪು ಸಿಗಿಸಿಕೊಂಡು. ಏಣಿ ಉಲ್ಟಾ ಆದ ಸುದ್ದಿ ಬಸ್ಸಿನಷ್ಟೇ ಬೇಗ ಯಾದಗಿರಿ ಮುಟ್ಟಿತ್ತು.

"ಕಾಕಾ, ಹಂಗಾದ್ರ ಅಂಗಡಿ ಅಳತಿ ತಗೊಂಡುಬಿಡ್ಲೇನು?"

"ಆಮ್ಯಾಲ ತಗೋ. ಈಗ ಈ ಪೈಪ್ ಹಿಡಿ," ಎಂದ ಲಾಲಪ್ಪ. "ಎಡಕ್ಕ ಒತ್ತು."

ಎರಡು ಸುತ್ತು ಬಿಚ್ಚಬೇಕು, ಆಮೇಲೆ ಎರಡು ಸುತ್ತು ಹಾಕಬೇಕು. ದುರ್ಗಾ ಮೊಳಮೊಳವಾಗಿ ಕಾಯಿಸುತ್ತ ಹೋದಳು. ಬಣ್ಣ ಸುಟ್ಟು ಗುಳ್ಳೆಯೆದ್ದು ಸಿಪ್ಪೆಯಾಯಿತು. ಪೈಪು ಹಿಡಿದವರು "ಹೈಸಾ" ಎಂದು ಒತ್ತಿದಾಗಲೆಲ್ಲ ಏಣಿ ಮುಲುಗುಟ್ಟಿ ಉದ್ದವಾಗುತ್ತ ಹೋಯಿತು, ಹನ್ನೆರಡಡಿಯಿಂದ ಹದಿಮೂರು, ಹದಿನಾಲ್ಕು. ಹನ್ನೊಂದರ ಸುಮಾರಿಗೆ ಅದು ಪೂರ್ತಿ ಚಪ್ಪಟೆಯಾಗಿ ಮಲಗಿತು. ಎಲ್ಲರೂ ಕೈಬಿಟ್ಟು, ಯಂಕಮ್ಮ ತಂದ ಮಂಡಕ್ಕಿ ಸುಸಲಾ, ಮಿರ್ಚಿಭಜಿ ತಿನ್ನುತ್ತ ಅದರ ಸುತ್ತ ಕೂತರು. ಎಡವೂ ಅಲ್ಲ, ಬಲವೂ ಅಲ್ಲ. ಎ ಎದುರಿಗೆ ಟಿ, ಜಿ ಎದುರಿಗೆ ಸಿ, ಬಾಣ ಒಂದು ಹೋಗುವುದು, ಒಂದು ಬರುವುದು. ಬರಹ ಒಂದಕ್ಷರವೂ ಬದಲಾಗಿಲ್ಲ, ತಿರುವೊಂದೇ ಇಲ್ಲ ಎಂದು ದುರ್ಗಾಳಿಗೆ ವಿಚಿತ್ರವೆನಿಸಿತು.

"ಹಿಂಗೇ ಬಿಟ್ಟುಬಿಡ್ರಿ," ಎಂದ ಯಾಕೂಬಸಾಬ. "ನಮ್ಮ ಮಸೂತಿಗಿ ಸುಣ್ಣ ಹಚ್ಚಾಕ ಏಣಿ ಬೇಕಾಗಿತ್ತು."

"ಅಲ್ಲಿ ಎತ್ತರಕ್ಕ ಇಪ್ಪತ್ತಮೂರು ಮೆಟ್ಲ ಬೇಕು," ಎಂದ ಲಾಲಪ್ಪ, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ.

ಮತ್ತೆ ಬತ್ತಿ ಹೊತ್ತಿಸಿದರು. ಮೊದಲ ಸುತ್ತು ಸಲೀಸಾಗಿ ಬಂತು. ಎರಡನೆಯ ಸುತ್ತಿನ ನಡುವೆ ಟಪ್ ಎಂದು ಒಂದು ಬೆಸುಗೆ ಬಿಟ್ಟಿತು, ಹಿಂದೆಯೇ ಇನ್ನೊಂದು. ಏಳನೆಯ ಮೆಟ್ಟಿಲು ಮತ್ತು ಹದಿನೈದನೆಯದು ಒಂದು ಕಡೆ ನೇತಾಡಿದವು. ದೇವಿಂದ್ರ ಪೈಪು ಬಿಟ್ಟು ಬೆವರು ಒರೆಸಿಕೊಂಡು, "ಅಲ್ಯೂಮಿನಿಯಂ ಆಗಿದ್ರ ಈ ತ್ರಾಸೇ ಇರ್ತಿದ್ದಿಲ್ಲ," ಎಂದ.

"ಅಲ್ಯೂಮಿನಿಯಂ ಆಗಿದ್ರ ಮೊದಲನೇ ಸುತ್ತಿಗೇ ಹಪ್ಪಳ ಆಗ್ತಿತ್ತಣ್ಣ," ಎಂದಳು ದುರ್ಗಾ, ಮುಖಕವಚ ಇಳಿಸಿ.

ಹದಿನೈದನೆಯದು ಬೇಗ ಕೂಡಿತು, ಏಳನೆಯದನ್ನು ಕೂಡಿಸುವುದು ಕಷ್ಟವಿತ್ತು. ಮೆಟ್ಟಿಲು ಈಗ ಓರೆಯಾಗಿ ಸುತ್ತಿನ ಒಳಮಗ್ಗುಲಿಗೆ ಹೋಗಿತ್ತು. ನೆಲದ ಮೇಲೆ ಅಂಗಾತ ಮಲಗಿ, ಏಣಿಯೊಳಗೆ ತಲೆ ತೂರಿಸಿ, ಮೇಲ್ಮುಖವಾಗಿ ಬೆಸೆಯಬೇಕು. ಕಿಡಿ ಮುಖದ ಮೇಲೇ ಬೀಳುವ ಕೆಲಸ. ಲಾಲಪ್ಪ ಎಲ್ಲರಿಗೂ ಆ ಕಡೆ ತಿರುಗಿ ನಿಲ್ಲಲು ಹೇಳಿ, ತಾನೂ ಬೆನ್ನು ತಿರುಗಿಸಿ, ಕೈ ಮಾತ್ರ ಹಿಂದಕ್ಕೆ ಚಾಚಿ ಮೆಟ್ಟಿಲನ್ನು ಹಿಡಿದುಕೊಂಡ. ಬೆಸುಗೆಯ ಸದ್ದನ್ನಷ್ಟೇ ಕೇಳುತ್ತಿದ್ದ. ಚರಚರ ಎನ್ನುವ ಒಂದೇ ಸಮನೆಯ ಸದ್ದು, ಎಲ್ಲೂ ಉಗುಳದೆ, ಎಲ್ಲೂ ತಡವರಿಸದೆ, ಒಂದೇ ಉಸಿರಿನಲ್ಲಿ ಆ ತುದಿ ಮುಟ್ಟಿತು.

"ಇದನ್ನ ಯಾರು ಕಲಿಸ್ಯಾರ ನಿನಗ?" ಎಂದು ಬೆನ್ನು ತಿರುಗಿಸಿಯೇ ಕೇಳಿದ.

"ಯಾರೂ ಕಲಿಸಿಲ್ಲ."

"ಹೂಂ," ಎಂದ. "ನನಗೂ ಯಾರೂ ಕಲಿಸಿದ್ದಿಲ್ಲ."

ಭಾನುವಾರ ಮುಂಜಾನೆ ಉಮಾ ಮೇಡಂ ಬಂದಾಗ ಬಣ್ಣ ಇನ್ನೂ ಬೆರಳಿಗೆ ಹತ್ತುತ್ತಿತ್ತು. ಅವರು ಹೆಬ್ಬಟ್ಟು ಎತ್ತಿದರು. ಬಲಗೈ. ನೋಡಲು ಸೇರಿದ್ದವರೆಲ್ಲ ತಮ್ಮ ತಮ್ಮ ಬಲಗೈ ಹೆಬ್ಬಟ್ಟು ಎತ್ತಿ ಪರೀಕ್ಷೆ ಮಾಡಿದರು. ಕಾಲೇಜಿನ ಮೆಟ್ಟಿಲು ಹತ್ತದ ಮಂದಿಗೂ ಡಿಎನ್ಎ ಯಾವ ಕಡೆ ತಿರುಗುತ್ತದೆಂಬುದು ರಂಗಂಪೇಟೆಯಲ್ಲಿ ಅಂದಿನಿಂದ ಗೊತ್ತು. "ಒಪ್ಪಿದೆ," ಎಂದು ಉಮಾ ಮೇಡಂ ಎರಡೂ ಕೈ ಎತ್ತಿದರು. "ನೂರಕ್ಕ ನೂರು ಒಪ್ಪಿದೆ. ಈಗ ಸೋಮವಾರ ಯಾರು ಬಂದ್ರೂ ನಾ ಎದಿ ಸೆಟಿಸಿ ನಿಂದ್ರತೀನಿ."

ದೇವಿಂದ್ರ ರಾತ್ರಿ ಅಲ್ಲೇ ಉಳಿದಿದ್ದ. ತೋಳು ನೋಯುತ್ತಿದ್ದರೂ ಟೇಪು ಸೊಂಟದಲ್ಲೇ ಇತ್ತು. "ಅಲ್ಲ ಕಾಕಾ, ಶುಕ್ರವಾರ ತಪ್ಪೈತಿ ಅಂದಿದ್ರಲ್ಲ ಇದೇ ಮೇಡಂ? ನಿನ್ನ ಮಾತಿನ ಪ್ರಕಾರ..."

ದುರ್ಗಾ ಹಗ್ಗ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ತಪ್ಪು ಮಾಡಿದಾಂವ ನಾನು," ಎಂದ ಲಾಲಪ್ಪ. ಇಂಥ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲೆಂದು ಯಂಕಮ್ಮ ಆಮೇಲೆ ಊರೆಲ್ಲ ಹೇಳಿಕೊಂಡು ಬಂದಳು. "ಬಲಕ್ಕ ತಿರುವು ಅಂದಾಂವ ನಾನು. ಪಣ ಕಟ್ಟಿದ್ದು ಅಕಿ ಕೆಲಸದ ಮ್ಯಾಲ, ನನ್ನ ಕೆಲಸದ ಮ್ಯಾಲಲ್ಲ. ಅಕಿ ಕೆಲಸ ಇಗಾ, ನಿಂತೈತಿ. ನಿನ್ನ ಟೇಪು ಬಿಚ್ಚಬೇಕು ಅನ್ನಿಸಿದ್ರ ಅಕಿನ್ನ ಕೇಳು, ಒಂದು ಕಿಟಕಿ ಗಿಟಕಿ ಬೇಕೇನು ಅಂತ."

ದೇವಿಂದ್ರ ದುರ್ಗಾಳ ಕಡೆ ತಿರುಗಿದ. "ಬೇಕೇನಬೇ?"

"ನೋಡೋಣು," ಎಂದಳು ದುರ್ಗಾ. ಹಾಗೆ ಹೇಳಲು ಅವಳಿಗೆ ಬಹಳ ಸುಖವಾಯಿತು.

ಎಂದಿನಂತೆ ಡ್ರೈವರ್ ರಾಜಾಸಾಬ ತನ್ನ ಸಣ್ಣ ಟೆಂಪೊ ತಂದಿದ್ದ. ಎಂಟು ಜನ ಸೇರಿ ಏಣಿಯನ್ನು ಓರೆಯಾಗಿ ಏರಿಸಿದರು. ಹಿಂದೆ ನಾಲ್ಕಡಿ ಹೊರಗೆ ಚಾಚಿತ್ತು, ಅದರ ತುದಿಗೆ ಯಂಕಮ್ಮ ಕೆಂಪು ಬಟ್ಟೆ ಕಟ್ಟಿದಳು. ಮಾಲು ಒಯ್ಯುವಾಗ ಡ್ರೈವರಿನ ಪಕ್ಕ ಲಾಲಪ್ಪ, ಹಿಂದೆ ಮಾಲು ಹಿಡಿದು ದುರ್ಗಾ, ಹಾಗೆಯೇ ನಡೆದುಬಂದಿತ್ತು. ಅವಳು ಹಿಂದೆ ಹತ್ತಲು ಕಾಲೆತ್ತಿದಳು. ಅಷ್ಟರಲ್ಲಿ ಲಾಲಪ್ಪ ಪಕ್ಕದ ಚಕ್ರದ ಮೇಲೆ ಪಾದವಿಟ್ಟು, ಯಾಕೂಬಸಾಬನ ಭುಜ ಹಿಡಿದು, ಏದುಸಿರು ಬಿಡುತ್ತ ಹಿಂದೆ ಏರಿ ಏಣಿಯ ಪಕ್ಕ ಕೂತಾಗಿತ್ತು.

"ಅಪ್ಪಾ, ಇಳಿ. ಬಿಸಲೈತಿ. ನಾ ಕೂಡ್ತೀನಿ ಹಿಂದ."

"ಮಾಲಕರು ಹಿಂದ ಕೂಡ್ತಾರೇನು? ಹೋಗು ಮುಂದ," ಎಂದ, ಟವೆಲನ್ನು ತಲೆಗೆ ಸುತ್ತಿಕೊಳ್ಳುತ್ತ.

ಅವಳು ಮುಂದೆ ಹೋಗಿ ಕೂತಳು. ಸೀಟು ಬಿಸಿಯಾಗಿತ್ತು, ಬಾಗಿಲು ಎರಡು ಸಲ ಎಳೆದರೂ ಸರಿಯಾಗಿ ಬೀಳಲಿಲ್ಲ. ರಾಜಾಸಾಬ ಆಚೆಯಿಂದ ಬಾಗಿ ಎಳೆದು ಹಾಕಿದ.

"ಎಲ್ಲಿಗಿ ಒಯ್ಯೋಣ್ರಿ?" ಎಂದ. ಇಷ್ಟು ವರ್ಷ ಅವನು ಅವಳಿಗೆ "ರಿ" ಹಚ್ಚಿ ಮಾತಾಡಿದ್ದಿಲ್ಲ.

"ಶಹಾಪುರಕ್ಕ. ಮೆಲ್ಲಕ ನಡಿ," ಎಂದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಅಪ್ಪಾ, ಗಟ್ಟಿ ಹಿಡ್ಕೊಂಡೀಯೇನು?"

"ಹಿಡ್ಕೊಂಡೇನಿ ನಡೀರಿ! ಹಾರ್ನ್ ಹೊಡಿ ಅನ್ನು ಅವಂಗ, ಮಂದಿಗಿ ಗೊತ್ತಾಗ್ಲಿ!"

ರಾಜಾಸಾಬ ಹಾರ್ನ್ ಹೊಡೆದ. ಹೊಡೆಯುತ್ತಲೇ ಹೋದ.